ಒಂದು ಸಲ ಬ್ಯಾರನ್ ಕಡೆ ಹೋಗಿ ನೋಡಿ

ಕೊರೋನಾ ಕಳೆದು ಎರಡನೇ ವರ್ಷ. ಆಗ ನಾನು ಮೈಸೂರಿನ ಒಂದು ಸಣ್ಣ ಕಂಪನಿಯಲ್ಲಿ ಮೊಬೈಲ್ ಆ್ಯಪ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂದರೆ ದೊಡ್ಡ ಕುರ್ಚಿ ಏನಲ್ಲ. ನನ್ನ ಕೈಕೆಳಗೆ ಇದ್ದವರು ಮೂವರು, ಅವರಲ್ಲಿ ಇಬ್ಬರು ನನ್ನ ಮಾತು ಕೇಳುತ್ತಿರಲಿಲ್ಲ. ಪರದೆ ಆರಿದ ಮೇಲೂ, ಫೋನನ್ನು ಮೂಲೆಗೆ ಇಟ್ಟ ಮೇಲೂ ಒಳಗೊಳಗೇ ಕೆಲಸ ಮಾಡುತ್ತಿರಬೇಕಾದ ಆ್ಯಪ್‌ಗಳನ್ನು ಕಟ್ಟುವುದು ನನ್ನ ಕಸುಬು. ಇದಕ್ಕೆ ನಮ್ಮಲ್ಲಿ ಬ್ಯಾಕ್‌ಗ್ರೌಂಡ್ ಕೆಲಸ ಎನ್ನುತ್ತಾರೆ. ಕೆ.ಆರ್. ನಗರದಲ್ಲಿದ್ದ ನಮ್ಮಮ್ಮನಿಗೆ ಒಮ್ಮೆ ಇದನ್ನು ವಿವರಿಸಿದಾಗ ಆಕೆ ಕೊತ್ತಂಬರಿ ಬಿಡಿಸುತ್ತಲೇ ತೀರ್ಪು ಕೊಟ್ಟಳು: "ಅಂದ್ರೆ ಸೊಸೆ ಕೆಲ್ಸ ಅನ್ನು. ಮಾಡುದ್ರೆ ಯಾರ್ಗೂ ಕಾಣಕಿಲ್ಲ, ಮಾಡ್ದೆ ಇದ್ರೆ ಊರ್ಗೆಲ್ಲ ಕಾಣ್ತದೆ." ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಕೇಳಿಲ್ಲ.

ಫೋನಿಗೆ ಇಂಥ ಆ್ಯಪ್ ಕಂಡರೆ ಆಗದು. ಬ್ಯಾಟರಿ ಉಳಿಸುವುದೇ ಅದರ ಧರ್ಮ. ಸುಮ್ಮನೆ ಎಚ್ಚರವಾಗಿ ಕೂತಿರುವ ಆ್ಯಪ್ ಅದರ ಕಣ್ಣಿಗೆ ದಂಡಪಿಂಡ. ಸ್ವಲ್ಪ ಹೊತ್ತು ನೋಡಿ ಮಲಗಿಸಿಬಿಡುತ್ತದೆ. ಅದನ್ನು ತಪ್ಪಿಸಲು ನಾವು ಪರದೆಯ ಮೇಲ್ಭಾಗದಲ್ಲಿ ಸದಾ ಒಂದು ನೋಟಿಫಿಕೇಶನ್ ಇಡುತ್ತೇವೆ, "ನಾನಿಲ್ಲಿ ಕೆಲಸ ಮಾಡುತ್ತಿದ್ದೇನೆ, ಮಲಗಿಸಬೇಡಿ" ಎಂದು ಬೋರ್ಡು ಹಾಕಿದ ಹಾಗೆ. ಬಹುಪಾಲು ಫೋನುಗಳು ಆ ಬೋರ್ಡಿಗೆ ಮರ್ಯಾದೆ ಕೊಡುತ್ತವೆ. ಕೆಲವು ಕೊಡುವುದಿಲ್ಲ.

ಆ ವರ್ಷ ನಮಗೆ ಬಂದದ್ದು ಹೊಗೆಸೊಪ್ಪಿನ ಬ್ಯಾರನ್ ಕಾಯುವ ಆ್ಯಪಿನ ಕೆಲಸ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಓಡಾಡಿದವರಿಗೆ ಬ್ಯಾರನ್ ಎಂದರೆ ಹೇಳಬೇಕಿಲ್ಲ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಹಿತ್ತಲಿನಲ್ಲೋ ಹೊಲದ ಬದಿಯಲ್ಲೋ ಇರುವ, ಮನೆಗಿಂತ ಎತ್ತರದ ಒಂದೇ ಕೋಣೆಯ ಕಟ್ಟಡ ಅದು. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಪೋಣಿಸಿ ಒಳಗೆ ಸಾಲುಸಾಲಾಗಿ ತೂಗುಹಾಕುತ್ತಾರೆ. ಹೊರಗಿನ ಒಲೆಯಲ್ಲಿ ಸೌದೆ ಉರಿಸಿದರೆ ಬಿಸಿ ಹೊಗೆ ಒಳಗಿನ ಕಬ್ಬಿಣದ ಕೊಳವೆಗಳಲ್ಲಿ ಹರಿದು ಕೋಣೆ ಕಾಯುತ್ತದೆ. ಐದಾರು ದಿನ ಹಗಲೂ ರಾತ್ರಿ ಶಾಖವನ್ನು ಹದವಾಗಿ ಏರಿಸುತ್ತಾ ಹೋಗಬೇಕು. ಬೇಗ ಏರಿದರೆ ಬಣ್ಣ ಕೆಡುತ್ತದೆ. ಕೊನೆಯ ಹಂತದಲ್ಲಿ ಒಣಗಿದ ಎಲೆಯೊಂದು ಕಾದ ಕೊಳವೆಯ ಮೇಲೆ ಬಿದ್ದರೆ ಬ್ಯಾರನ್ನೇ ಹೊತ್ತಿಕೊಳ್ಳುತ್ತದೆ. ಅದಕ್ಕೇ ಯಾರಾದರೊಬ್ಬರು ಒಲೆಯ ಮುಂದೆ ಮಂಚ ಹಾಕಿಕೊಂಡು ಕಾಯುತ್ತಾರೆ.

ನಮ್ಮ ಏರ್ಪಾಡು ಸರಳವಾಗಿತ್ತು. ಬ್ಯಾರನ್ ಒಳಗೆ ಶಾಖ ಅಳೆಯುವ ಪೆಟ್ಟಿಗೆ, ಮನೆಯೊಳಗೆ ಫೋನು. ಪೆಟ್ಟಿಗೆ ಬ್ಲೂಟೂತ್ ಮೂಲಕ ಫೋನಿಗೆ ಸುದ್ದಿ ಕೊಡುತ್ತಿರುತ್ತದೆ, ಫೋನು ಅದನ್ನು ನಮ್ಮ ಆಫೀಸಿನ ಸರ್ವರಿಗೂ ಕಳಿಸುತ್ತದೆ. ಶಾಖ ಹದ ತಪ್ಪಿದರೆ ಫೋನು ಜೋರಾಗಿ ಕೂಗುತ್ತದೆ. ನಾಲ್ಕು ತಾಲ್ಲೂಕುಗಳಲ್ಲಿ, ಊರಿಗೊಂದರಂತೆ ಕೆಲವು ಮನೆಗಳನ್ನು ಆರಿಸಿಕೊಂಡು ಪ್ರಯೋಗಕ್ಕೆ ಇಳಿದೆವು.

ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವಿನ ಒಂದು ಹಳ್ಳಿಯಲ್ಲಿ ನಮಗೆ ಸಿಕ್ಕಿದ್ದು ಸ್ವಾಮಿಗೌಡರ ಮನೆ. ಗೌಡರಿಗೆ ಐವತ್ತೈದರ ಆಸುಪಾಸು. ಉಬ್ಬಸ. ಒಲೆಯ ಹೊಗೆ ಕುಡಿದರೆ ಇನ್ನೆರಡು ಹಂಗಾಮು ಅಷ್ಟೇ ಎಂದು ಹುಣಸೂರಿನ ಡಾಕ್ಟರು ಹೆದರಿಸಿದ್ದರು. ಹೆದರಿದ್ದು ಗೌಡರಲ್ಲ, ಅವರ ಹೆಂಡತಿ ತಾಯಮ್ಮ. ನಮ್ಮ ಪ್ರಯೋಗದ ಸುದ್ದಿ ಎಲ್ಲಿಂದಲೋ ಕಿವಿಗೆ ಬಿದ್ದದ್ದೇ ತಡ, ಆಕೆ ನಮ್ಮನ್ನು ಹುಡುಕಿಕೊಂಡು ಮೈಸೂರಿನ ಬಸ್ಸು ಹತ್ತಿ, ಬಿಳಿಕೆರೆಯಲ್ಲಿ ಟೀಗೆ ನಿಂತಿದ್ದ ನಮ್ಮ ಕಂಪನಿ ಹೆಸರಿನ ಕಾರು ಕಂಡು ಇಳಿದು ಬಂದು ನನ್ನ ಕೈ ಹಿಡಿದುಕೊಂಡಿದ್ದರು.

"ನಿಮ್ ಪೆಟ್ಗೆ ಸೊಪ್ ಕಾಯ್ತದೋ ಬುಡ್ತದೋ ನಂಗ್ ಬೇಡ ಕಣವ್ವ. ಇವ್ರುನ್ನ ಒಲೆ ಮುಂದಿಂದ ಎಬ್ಬುಸ್ಬುಡಿ. ಅಷ್ಟ್ ಮಾಡಿ ಸಾಕು."

ಅವರ ಬೇಡಿಕೆ ಅಷ್ಟೇ ಇತ್ತು, ಗಂಡ ಮನೆಯೊಳಗೆ ಬಂದು ಮಲಗಬೇಕು. ನನ್ನ ಕೆಲಸದ ಉದ್ದೇಶವನ್ನು ಯಾವ ಮೀಟಿಂಗಿನಲ್ಲೂ ಯಾರೂ ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ.

ಗೌಡರು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. ಮೊದಲ ದಿನವೇ ನನ್ನನ್ನು ಬ್ಯಾರನ್ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿ, ಗೋಡೆಗೆ ಅಂಗೈ ಇಟ್ಟು ಶಾಖ ಎಷ್ಟೆಂದು ಹೇಳಿ, ಆಮೇಲೆ ಪೆಟ್ಟಿಗೆ ನೋಡಿ ಎಂದರು. ಐದು ಡಿಗ್ರಿ ತಪ್ಪಿತ್ತು. "ನಿಮ್ ಪೆಟ್ಗೇನೇ ಸರಿಯಿಲ್ಲ ಬುಡಿ ಮೇಡಮ್ಮ," ಎಂದು ನಕ್ಕರು. ಉಬ್ಬಸದವರ ನಗು, ಕೊನೆಗೆ ಕೆಮ್ಮಾಗಿಯೇ ಮುಗಿಯುತ್ತಿತ್ತು.

ಪೆಟ್ಟಿಗೆಗೇ ಒಂದು ಸೈರನ್ ಕಟ್ಟಿಬಿಡೋಣ, ಫೋನು ಕೈಕೊಟ್ಟರೂ ಅದು ಕೂಗುತ್ತದೆ ಎಂದು ನಾನು ಸೂಚಿಸಿದೆ. ಯಾವ ಊರಿನಲ್ಲೂ ಒಬ್ಬ ರೈತನೂ ಒಪ್ಪಲಿಲ್ಲ. ಕಾರಣವನ್ನು ಗೌಡರು ಬಿಡಿಸಿ ಹೇಳಿದರು.

"ಸೈರನ್ ಊರ್ಗೆಲ್ಲ ಕೇಳ್ತದೆ. ಒಂದ್ಸಲ ಕೂಗ್ಬುಟ್ರೆ ಮುಗೀತು, ಸ್ವಾಮಿಗೌಡನ ಸೊಪ್ಪು ಕೆಟ್ಟೋಯ್ತು ಅಂತ ಸುದ್ದಿ ಹುಣಸೂರ್ ಮುಟ್ತದೆ. ಮನೆ ಒಳ್ಗೇ ಕೂಗ್ಲಿ. ನಮ್ ಬ್ಯಾರನ್ ಮಾತು ನಮ್ ಅಟ್ಟಿ ದಾಟ್ಬಾರ್ದು."

ಅವರು ಹೇಳಿದ್ದು ಸುಳ್ಳೂ ಅಲ್ಲ. ಬ್ಯಾರನ್ ಒಳಗಿನ ಸೊಪ್ಪಿನ ಬಣ್ಣವನ್ನು ಕಡ್ಡಿ ಇಳಿಸುವವರೆಗೆ ನೆಂಟರಿಗೂ ತೋರಿಸದ ಊರುಗಳವು. ಸೈರನ್ ಕೈಬಿಟ್ಟೆವು.

ಎಲ್ಲ ಮನೆಗಳಿಗೂ ನಾನೇ ಹೋಗಿ ಫೋನು ಸಜ್ಜುಮಾಡಿದೆ. ಬ್ಯಾಟರಿ ಸೆಟಿಂಗ್ ಬದಲಿಸಿ, ಆ ಬೋರ್ಡಿನಂಥ ನೋಟಿಫಿಕೇಶನ್ ತೋರಿಸಿ, "ಇದನ್ನಾಗಲಿ ತೆರೆದ ಆ್ಯಪನ್ನಾಗಲಿ ಉಜ್ಜಿ ತೆಗೆಯಬೇಡಿ" ಎಂದು ಮನೆಯ ಯಜಮಾನರಿಗೆ ಎರಡೆರಡು ಸಲ ಹೇಳಿದೆ. ಯಜಮಾನರು ಜಗಲಿಯ ಮೇಲೆ ಕೂತು ತಲೆ ಅಲ್ಲಾಡಿಸುತ್ತಿದ್ದರು. ಹೆಂಗಸರು ಒಳಗಿನಿಂದ ಕಾಫಿ ತಂದು ಕೊಟ್ಟು, ಲೋಟ ಖಾಲಿಯಾಗುವುದನ್ನು ಬಾಗಿಲಲ್ಲಿ ನಿಂತು ಕಾಯುತ್ತಿದ್ದರು. ಎಲ್ಲ ಊರಿನಲ್ಲೂ ಹೀಗೇ. ಹೆಣ್ಣುಮಗಳಾಗಿ ನನಗೂ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಮೊದಲ ತಿಂಗಳು ಚೆನ್ನಾಗಿ ನಡೆಯಿತು. ಗೌಡರು ಒಳಗೆ ಮಲಗತೊಡಗಿದರು. ತಾಯಮ್ಮ ಒಲೆ ಮುಂದಿನ ಮಂಚವನ್ನು ಎತ್ತಿ ದನದ ಕೊಟ್ಟಿಗೆಗೆ ಹಾಕಿ, ಅದರ ಮೇಲೆ ಹುಲ್ಲು ಒಟ್ಟಿಬಿಟ್ಟರು. ಫೋನು ಒಂದೆರಡು ಸಲ ಕೂಗಿತು, ಗೌಡರು ಎದ್ದು ಹೋಗಿ ಬೆಂಕಿ ತಗ್ಗಿಸಿ ಬಂದರು, ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ಬಂತು. ಆದರೂ ಅವರಿಗೆ ಆ ಕೂಗು ಕಂಡರೆ ಆಗುತ್ತಿರಲಿಲ್ಲ. ಒಮ್ಮೆ ನಾನು ಅಲ್ಲಿದ್ದಾಗಲೇ ಊಟದ ನಡುವೆ ಕೂಗಿತು. ಗೌಡರು ಮುದ್ದೆಯ ಕೈಯಲ್ಲೇ ರೇಗಿದರು.

"ಒಂದಿನ ಇದ್ನ ಆರುಸ್ಬುಡ್ತೀನಿ ನೋಡು. ನಮ್ಮಪ್ಪನ್ ಕಾಲ್ದಲ್ಲಿ ಬ್ಯಾರನ್ನು ಕೂಗ್ತಿತ್ತಾ?"

"ಆರ್ಸುದ್ರೆ ಅದ್ರ ಜೊತೆ ನೀವೂ ಒಲೆ ಮುಂದೆ ಓಗಿ ಮನಿಕಳಿ. ನಾನ್ ಬಾಗ್ಲು ತೆಗ್ಯಾಕಿಲ್ಲ," ಎಂದರು ತಾಯಮ್ಮ.

ಇಬ್ಬರೂ ನಕ್ಕರು, ನಾನೂ ನಕ್ಕೆ.

ಗೌರಿ ಹಬ್ಬಕ್ಕೆ ಸ್ವಲ್ಪ ಮುಂಚೆ ಅವರ ಹಳೆಯ ಫೋನು ನೀರಿನ ತೊಟ್ಟಿಗೆ ಬಿತ್ತು. ಎಚ್.ಡಿ. ಕೋಟೆ ತಾಲ್ಲೂಕಿನ ಎನ್. ಬೇಗೂರಿಗೆ ಕೊಟ್ಟಿದ್ದ ಮಗಳು ರತ್ನ ಹಬ್ಬಕ್ಕೆಂದು ಬಂದವಳು ಅಪ್ಪನಿಗೆ ಹೊಸ ಫೋನು ತಂದಳು. ನಾನೇ ಹೋಗಿ ಅದಕ್ಕೂ ಆ್ಯಪ್ ಹಾಕಿದೆ, ಸೆಟಿಂಗ್ ಸರಿಮಾಡಿದೆ, ಗೌಡರಿಗೆ ಅದೇ ಮಾತು ಮತ್ತೆ ಹೇಳಿದೆ. "ಗೊತ್ತು ಬುಡಿ ಮೇಡಮ್ಮ, ನಂಗಿದು ಅಳೇ ಪಾಠ," ಎಂದರು.

ಹಬ್ಬದ ಮುಂದಿನ ವಾರ, ಒಂದು ಮಧ್ಯಾಹ್ನ, ಆ ಬ್ಯಾರನ್ನಿಗೆ ಬೆಂಕಿ ಬಿತ್ತು.

ನಡೆದದ್ದನ್ನು ಆಮೇಲೆ ಕೇಳಿ ತಿಳಿದೆ. ಸೊಪ್ಪು ಕೊನೆಯ ಹಂತದಲ್ಲಿತ್ತು, ನಾಳೆ ನಾಡಿದ್ದು ಕಡ್ಡಿ ಇಳಿಸಬೇಕು. ಗೌಡರು ಊಟ ಮಾಡಿ ನಡುಮನೆಯಲ್ಲಿ ಅಡ್ಡಾಗಿದ್ದರು. ಫೋನು ಕೂಗಲಿಲ್ಲ. ಹೊಗೆಯ ವಾಸನೆಗೆ ಅವರೇ ಎದ್ದು ಓಡಿದರು. ಉರಿಯುವ ಬ್ಯಾರನ್ನಿನ ಬಾಗಿಲು ತೆಗೆಯಬಾರದು, ಗಾಳಿ ನುಗ್ಗಿ ಬೆಂಕಿ ಎದ್ದು ನಿಲ್ಲುತ್ತದೆ. ಮೂವತ್ತು ವರ್ಷ ಸೊಪ್ಪು ಬೇಯಿಸಿದ ಮನುಷ್ಯನಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ವರ್ಷದ ದುಡಿಮೆ ಕಣ್ಣೆದುರು ಹೋಗುವಾಗ ಗೊತ್ತಿರುವುದು ಕೆಲಸಕ್ಕೆ ಬರುವುದಿಲ್ಲ. ಬಾಗಿಲು ತೆಗೆದು, ಕೈಗೆ ಸಿಕ್ಕ ಕಡ್ಡಿಗಳನ್ನು ಎಳೆಯಲು ಒಳಗೆ ಕಾಲಿಟ್ಟರಂತೆ. ಅಕ್ಕಪಕ್ಕದವರು ಅವರನ್ನು ಹೊರಗೆ ಎಳೆದರು. ಹುಣಸೂರಿನಲ್ಲಿ ಆಕ್ಸಿಜನ್ ಕೊಟ್ಟು ಮೈಸೂರಿಗೆ ಆಂಬುಲೆನ್ಸ್ ಹತ್ತಿಸಿದರು. ಆ ಎದೆಗೆ ಅಷ್ಟು ಹೊಗೆ ತಡೆಯುವ ಶಕ್ತಿ ಇರಲಿಲ್ಲ. ಆಂಬುಲೆನ್ಸ್ ಬಿಳಿಕೆರೆ ದಾಟುವ ಮೊದಲೇ ಗೌಡರು ಹೋದರು.

ತಾಯಮ್ಮ ನನ್ನ ಕೈ ಹಿಡಿದುಕೊಂಡು ಕೇಳಿದ್ದ ಅದೇ ಬಿಳಿಕೆರೆ.

ನಾನು ಹನ್ನೊಂದನೇ ದಿನದ ಕಾರ್ಯಕ್ಕೆ ಹೋದೆ. ಬೇಡ, ವಕೀಲರನ್ನು ಕೇಳಿ ಹೋಗಿ ಎಂದು ಆಫೀಸಿನಲ್ಲಿ ಸಲಹೆ ಬಂತು. ಸಲಹೆ ಕೊಟ್ಟವರಿಗೆ ನಾನು ಅಂದದ್ದನ್ನು ಇಲ್ಲಿ ಬರೆಯಲಾರೆ. ನಮ್ಮ ಸರ್ವರಿಗೆ ಆ ಫೋನಿನಿಂದ ಸುದ್ದಿ ಬರುವುದು ಬೆಂಕಿಗೂ ಮೊದಲೇ, ಊಟದ ಹೊತ್ತಿಗೇ ನಿಂತಿತ್ತು ಎಂಬುದು ನನಗೆ ಗೊತ್ತಿತ್ತು. ಯಾಕೆ ನಿಂತಿತು ಎಂಬುದು ಗೊತ್ತಿರಲಿಲ್ಲ.

ಊಟ ಮುಗಿದು ನೆಂಟರೆಲ್ಲ ಚದುರಿದ ಮೇಲೆ ತಾಯಮ್ಮ ನನ್ನ ಪಕ್ಕ ಬಂದು ಕೂತರು.

"ಅದ್ಯಾಕ್ ಕೂಗ್ನಿಲ್ಲ ಕಣವ್ವ?"

"ನೋಡ್ತೀನಿ ತಾಯಮ್ಮ. ಫೋನ್ ಕೊಡಿ," ಎಂದೆ.

ಫೋನು ಅಡುಗೆಮನೆಯಲ್ಲಿತ್ತು. ಆಗ ತಿಳಿಯಿತು, ಅದು ಯಾವಾಗಲೂ ಇರುತ್ತಿದ್ದುದು ಅಲ್ಲೇ. ಗೌಡರು ಹೊಲಕ್ಕೆ ಹೋಗುವಾಗ ಕೂಡ ಅದನ್ನು ಮುಟ್ಟುತ್ತಿರಲಿಲ್ಲ, ಮನೆಗೆ ಬಂದಾಗ ತೆರೆದು ಶಾಖ ನೋಡುತ್ತಿದ್ದರು ಅಷ್ಟೇ. ತಾಯಮ್ಮ ಒಲೆಗೂಡಿನಿಂದ ಫೋನು ತೆಗೆದುಕೊಂಡರು. ಸೆರಗಿನಿಂದ ಗಾಜು ಒರೆಸಿದರು. ಆಮೇಲೆ ನನಗೆ ಕೊಡುವ ಮುಂಚೆ, ಹೆಬ್ಬೆರಳಿನಿಂದ ತೆರೆದಿದ್ದ ಆ್ಯಪ್‌ಗಳನ್ನು ಒಂದೊಂದಾಗಿ ಮೇಲಕ್ಕೆ ಉಜ್ಜಿ ಉಜ್ಜಿ ತೆಗೆದರು. ಪರದೆ ಖಾಲಿಯಾಯಿತು.

"ಏನ್ ಮಾಡಿದ್ರಿ ತಾಯಮ್ಮ?" ಎಂದೆ.

"ಏನಿಲ್ಲ ಕಣವ್ವ, ಚೊಕ್ಕ ಮಾಡ್ದೆ. ತೆಗ್ದಿದ್ದೆಲ್ಲ ಅಂಗೇ ಬುಟ್ರೆ ಪೋನು ಬಿಸಿ ಆಯ್ತದಂತಲ್ಲ. ಉಂಡಾದ್ಮೇಲೆ ಮುಸ್ರೆ ಪಾತ್ರೆ ಇಕ್ಕಂಡು ಕೂರ್ತಾರಾ? ಪಾತ್ರೆ ತೊಳ್ದು, ಇದ್ನೂ ತೊಳ್ದು ಇಡ್ತೀನಿ."

ಅಲ್ಲಿಗೆ ಎಲ್ಲ ತಿಳಿಯಿತು. ಹಳೆಯ ಫೋನಿನಲ್ಲಿ ಹಾಗೆ ಉಜ್ಜಿದರೂ ನಮ್ಮ ಆ್ಯಪ್ ಸಾಯುತ್ತಿರಲಿಲ್ಲ, ಒಳಗೊಳಗೇ ಬದುಕಿರುತ್ತಿತ್ತು. ಹೊಸ ಫೋನಿನ ಜಾತಿ ಬೇರೆ. ಅದರಲ್ಲಿ ಉಜ್ಜಿದರೆ ಪೂರ್ತಿ ನಿಂತೇಹೋಗುತ್ತದೆ. ಗೌಡರು ಶಾಖ ನೋಡಲು ತೆರೆದಾಗಲೆಲ್ಲ ಅದು ಮತ್ತೆ ಏಳುತ್ತಿತ್ತು, ಆದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಆವತ್ತು ಊಟವಾದ ಮೇಲೆ ಗೌಡರು ತೆರೆಯದೆ ಮಲಗಿದರು. ತಾಯಮ್ಮ ಪಾತ್ರೆ ತೊಳೆದರು, ಫೋನನ್ನೂ ತೊಳೆದರು. ಅವರಿಗೆ ಉಜ್ಜಬೇಡಿ ಎಂದು ಯಾರೂ ಹೇಳಿರಲಿಲ್ಲ. ಹೇಳಿಸಿಕೊಂಡವರು ಜಗಲಿಯ ಮೇಲೆ ಕೂತಿದ್ದವರು.

"ಯಾಕಂತೆ?" ತಾಯಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

ಗಂಡನನ್ನು ಉಳಿಸಿಕೊಳ್ಳಲು ಬಸ್ಸು ಹತ್ತಿ ಬಂದ ಹೆಂಗಸು. ಹನ್ನೊಂದು ದಿನದ ವಿಧವೆ. ನಿಮ್ಮ ಕೈಯೇ ಅದನ್ನು ನಿಲ್ಲಿಸಿತು ಎಂದು ಹೇಗೆ ಹೇಳುವುದು? ಹೇಳಬೇಕು ಎಂದು ನಿಮ್ಮಲ್ಲಿ ಯಾರಿಗಾದರೂ ಅನ್ನಿಸಿದರೆ, ಆ ನಡುಮನೆಯಲ್ಲಿ ಒಮ್ಮೆ ಕೂತು ನೋಡಬೇಕು. "ಹೊಸ ಫೋನು ತಾಯಮ್ಮ. ಕೆಲವು ಫೋನುಗಳು ಹಾಗೇ," ಎಂದೆ. ಸುಳ್ಳೂ ಅಲ್ಲ, ನಿಜವೂ ಅಲ್ಲ. ಅವರು ಕಾಫಿ ಕೊಟ್ಟರು. ಕುಡಿದು ಎದ್ದುಬಂದೆ.

ಮಾರನೇ ದಿನದಿಂದಲೇ ಉಳಿದ ಮನೆಗಳಿಗೆಲ್ಲ ತಿರುಗಿದೆ. ಈ ಸಲ ಜಗಲಿ ಹತ್ತಲಿಲ್ಲ, ನೇರ ಅಡುಗೆಮನೆಗೆ ನಡೆದೆ. ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಫೋನು ಅಲ್ಲೇ ಇತ್ತು, ಹೆಂಗಸರ ಕೈಯಲ್ಲೇ ಇತ್ತು, ಮತ್ತು ದಿನವೂ ಪಾತ್ರೆಯ ಜೊತೆ ತೊಳೆಸಿಕೊಳ್ಳುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತಾಯಮ್ಮನ ಊರಿನಲ್ಲಿ ಅವರದೊಂದೇ ಮನೆ ಪ್ರಯೋಗದಲ್ಲಿದ್ದುದರಿಂದ ಈ ಮಾತು ಅವರ ಕಿವಿಗೆ ಬೀಳುವುದಿಲ್ಲ ಎಂದು ನಾನು ಲೆಕ್ಕ ಹಾಕಿದ್ದೆ.

ಆ ಚಳಿಗಾಲ ಪೂರ್ತಿ ಆ್ಯಪನ್ನು ಹೊಸದಾಗಿ ಕಟ್ಟಿದೆವು. ಆ್ಯಪ್ ಸಾಯುವುದನ್ನು ತಡೆಯಲು ಹೆಣಗುವ ಬದಲು, ಅದು ಸತ್ತರೆ ತಕ್ಷಣ ಗೊತ್ತಾಗುವಂತೆ ಮಾಡುವುದು ನಮ್ಮ ಹೊಸ ದಾರಿ. ಫೋನು ಆಗಾಗ ನಮ್ಮ ಸರ್ವರಿಗೆ "ಇದ್ದೇನೆ" ಎನ್ನಬೇಕು. ಅನ್ನದಿದ್ದರೆ, ಅಥವಾ ಅದಕ್ಕೆ ಬ್ಯಾರನ್ ಪೆಟ್ಟಿಗೆ ಸಿಗುತ್ತಿಲ್ಲವೆಂದರೆ, ಸರ್ವರೇ ಆ ಮನೆಗೆ ಸಾಮಾನ್ಯ ಕರೆ ಮಾಡುತ್ತದೆ. ಆ್ಯಪ್ ಸತ್ತರೂ ಕರೆ ಬಂದೇ ಬರುತ್ತದೆ. ಕರೆ ಎತ್ತಿದರೆ ಕೇಳಿಸುವ ಮಾತನ್ನು ನನ್ನ ದನಿಯಲ್ಲೇ ರೆಕಾರ್ಡ್ ಮಾಡಿದೆವು, ದುಡ್ಡು ಕೊಟ್ಟು ಬೇರೆಯವರನ್ನು ಕರೆಸುವ ಕಂಪನಿ ನಮ್ಮದಲ್ಲ. "ಬ್ಯಾರನ್ ಸುದ್ದಿ ಬರುತ್ತಿಲ್ಲ. ದಯವಿಟ್ಟು ಒಂದು ಸಲ ಬ್ಯಾರನ್ ಕಡೆ ಹೋಗಿ ನೋಡಿ." ಸೈರನ್ನನ್ನೂ ಸೇರಿಸಿದೆವು. ಈ ಸಲ ಯಾರೂ ಬೇಡವೆನ್ನಲಿಲ್ಲ.

ಮುಂದಿನ ಹಂಗಾಮಿಗೆ ಮುಂಚೆ ಹುಣಸೂರಿನ ಒಂದು ಕಲ್ಯಾಣ ಮಂಟಪದಲ್ಲಿ ಎಲ್ಲ ಮನೆಯವರನ್ನೂ ಕರೆದೆವು. ಹೆಂಗಸರು ಬರಲೇಬೇಕು ಎಂದು ಹೇಳಿ ಕಳಿಸಿದ್ದೆ. ನಾನು ವೇದಿಕೆ ಹತ್ತಿ, "ಊಟ ಆದಮೇಲೆ ಪಾತ್ರೆ ತೊಳೀರಿ, ಫೋನ್ ಮಾತ್ರ ತೊಳೀಬೇಡಿ," ಎಂದೆ. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಹಾಗೆ ಉಜ್ಜಿದರೆ ಆ್ಯಪ್ ಹೇಗೆ ಸಾಯುತ್ತದೆ ಎಂದು ಫೋನು ಎತ್ತಿ ಹಿಡಿದು ಮಾಡಿ ತೋರಿಸಿದೆ. ತೋರಿಸಿ ತಲೆ ಎತ್ತಿದಾಗ ಎರಡನೇ ಸಾಲಿನಲ್ಲಿ ನಗದೇ ಕೂತಿದ್ದ ಒಂದು ಮುಖ ಕಂಡಿತು.

ತಾಯಮ್ಮ. ಪಕ್ಕದಲ್ಲಿ ರತ್ನ. ಆಮಂತ್ರಣ ಹಳೆಯ ನಂಬರುಗಳಿಗೆಲ್ಲ ಹೋಗಿತ್ತು. ಅವರ ನಂಬರು ತೆಗೆಯಬೇಕೆಂದು ನನಗೆ ಹೊಳೆದಿರಲಿಲ್ಲ.

ಆಮೇಲೆ ಏನು ಮಾತಾಡಿದೆನೋ ನೆನಪಿಲ್ಲ. ಸಭೆ ಮುಗಿದು ಎಲ್ಲರೂ ಊಟಕ್ಕೆ ಎದ್ದಾಗ ಅವರು ವೇದಿಕೆಯ ಹತ್ತಿರ ಬಂದರು. ರತ್ನಳನ್ನು ದೂರ ನಿಲ್ಲಿಸಿದ್ದರು.

"ನಾನೂ ತೊಳೀತಿದ್ದೆ," ಎಂದರು.

ನಾನು ವೇದಿಕೆಯಿಂದ ಕೆಳಗಿಳಿದೆ.

"ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು ತಾಯಮ್ಮ. ಕಾರ್ಯದ ದಿನ ನಿಮ್ಮ ಕೈ ನೋಡಿದೆ. ತಪ್ಪು ನಿಮ್ಮದಲ್ಲ, ನಿಮಗೆ ಯಾರೂ ಹೇಳಿರಲಿಲ್ಲ."

ಅವರು ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಮೆಟ್ಟಿಲ ಮೇಲೆ ಕುಸಿದು ಕೂತು, ಮುಖಕ್ಕೆ ಸೆರಗು ಒತ್ತಿಕೊಂಡರು. ಆ ಸೆರಗಿನೊಳಗಿನಿಂದ ಬಂದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಅವ್ರೇ ಆರುಸ್ಬುಟ್ರು ಅನ್ಕಂಡಿದ್ದೆ ಕಣವ್ವ. ಆರುಸ್ಬುಡ್ತೀನಿ ಅಂತಿದ್ರಲ್ಲ. ನನ್ ಮಾತ್ ಕೇಳ್ದೆ ಆರುಸ್ಬುಟ್ಟು ನನ್ನ ಇಂಗ್ ಮಾಡಿ ಓದ್ರು ಅಂತ ದಿನಾ ದೀಪ ಅಚ್ಚೋವಾಗ ಪೋಟೋ ಮುಂದೆ ನಿಂತ್ಕಂಡು ಬೈತಿದ್ದೆ. ಇಷ್ಟ್ ದಿನ ಬೈದೆ. ಸತ್ತೋರು ಎಂಗ್ ಮಾತಾಡಾರು? ಅವ್ರ್ ಮಾತಾಡ್ನಿಲ್ಲ. ನೀವಾದ್ರೂ ಏಳ್ಬಾರ್ದಿತ್ತಾ?"

ಆಕೆಯನ್ನು ನೋವಿನಿಂದ ಉಳಿಸಿದೆ ಎಂದುಕೊಂಡಿದ್ದೆ. ಉಳಿಸಿದ್ದು ಯಾರನ್ನು? ಪಾಪ, ಗೌಡರು ಮಾಡದ ತಪ್ಪಿಗೆ ಅಷ್ಟು ತಿಂಗಳು ತಮ್ಮ ಮನೆಯಲ್ಲೇ ಬೈಸಿಕೊಂಡರು. ಮೂವತ್ತು ವರ್ಷ ಅವರೊಡನೆ ಬಾಳಿದ ಹೆಂಗಸಿಗೆ ಅವರಿಗಾಗಿ ನೆಮ್ಮದಿಯಾಗಿ ಅಳಲೂ ಆಗಲಿಲ್ಲ, ಅಳುವಿಗೆಲ್ಲ ಸಿಟ್ಟು ಬೆರೆತಿತ್ತು. ನಾನೂ ಮೆಟ್ಟಿಲ ಮೇಲೆ ಅವರ ಪಕ್ಕ ಕೂತು ಅತ್ತೆ. ರತ್ನ ಬಂದು ಇಬ್ಬರನ್ನೂ ಎಬ್ಬಿಸಿದಳು.

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನಮ್ಮ ಕಸುಬಿನಲ್ಲಿ ಈ ಗಾದೆ ನಡೆಯುವುದಿಲ್ಲ. ಒಳಗೊಳಗೇ ಕೆಲಸ ಮಾಡುವ ಯಾವುದೇ ಆಗಲಿ, ಅದು ಸುಮ್ಮನಿದ್ದರೆ ಎಲ್ಲ ಸರಿಯಿದೆ ಎಂದು ಎಣಿಸಬಾರದು. ಸುಮ್ಮನಾದರೆ ಹೋಗಿ ನೋಡಬೇಕು. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಹೇಳಿಕೊಡುವ ಮೊದಲ ಪಾಠ ಇದೇ. ಆ್ಯಪ್‌ಗಳ ಬಗ್ಗೆ ಹೇಳುತ್ತಿದ್ದೇನೆ ಎಂದು ಅವರು ಬರೆದುಕೊಳ್ಳುತ್ತಾರೆ.

ಮುಂದಿನ ಹಂಗಾಮು ಶುರುವಾದ ಮೇಲೆ ಒಂದು ದಿನ ಆಫೀಸಿನಲ್ಲಿ ಕರೆಗಳ ಪರದೆ ನೋಡುತ್ತಿದ್ದೆ. ಒಂದು ನಂಬರಿಗೆ ನಮ್ಮ ಸರ್ವರು ದಿನವೂ ಮಧ್ಯಾಹ್ನ ಕರೆ ಮಾಡುತ್ತಿತ್ತು. ಹೊಸ ಆ್ಯಪ್ ಹಳೆಯ ಫೋನುಗಳಿಗೆಲ್ಲ ತಾನೇ ಇಳಿದಿತ್ತು; ಆ ಫೋನಿನಲ್ಲೂ ಅದು ಬದುಕಿತ್ತು, ಪೆಟ್ಟಿಗೆ ಮಾತ್ರ ಸಿಗುತ್ತಿರಲಿಲ್ಲ. ಹೇಗೆ ಸಿಕ್ಕೀತು? ಸುಟ್ಟುಹೋಗಿತ್ತಲ್ಲ. ಕರೆ ಹೋದಾಗಲೆಲ್ಲ ಆ ಕಡೆಯವರು ಎತ್ತಿ, ನನ್ನ ರೆಕಾರ್ಡಿನ ಮಾತನ್ನು ಕೊನೆಯವರೆಗೂ ಕೇಳುತ್ತಿದ್ದರು. ಕೂಡಲೇ ಫೋನ್ ಮಾಡಿದೆ.

"ತಾಯಮ್ಮ, ನಮ್ಮಿಂದ ತಪ್ಪಾಗಿದೆ, ಕ್ಷಮಿಸಿ. ಇವತ್ತೇ ನಿಮ್ಮ ನಂಬರ್ ತೆಗೆಸ್ತೀನಿ. ಇನ್ನು ಮೇಲೆ ಕರೆ ಬರಲ್ಲ."

"ಬ್ಯಾಡ ಕಣವ್ವ. ಇರ್ಲಿ ಬುಡಿ." ಹಿಂದೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು, ನಿಂತಿತು. "ಆವತ್ತು ಕೂಗ್ನಿಲ್ಲ. ಈಗ್ಲಾದ್ರೂ ಕೂಗ್ಲಿ. ನೀವು ಓಗ್ ನೋಡಿ ಅಂತೀರಲ್ಲ, ಅಂದಾಗೆಲ್ಲ ಓಗಿ ನೋಡ್ಕಂಡ್ ಬತ್ತೀನಿ."

ಆ ನಂಬರನ್ನು ನಾನು ಇನ್ನೂ ತೆಗೆಸಿಲ್ಲ.